ವಂಶವೃಕ್ಷದಲ್ಲಿ ಬಿಟ್ಟ ಹೆಸರು

ನಾನು ಮತ್ತೋಡಿನವನು. ಹೊಸದುರ್ಗದಲ್ಲಿ ಪತ್ರ ಬರೆಯುವುದು ಕಸುಬು. ಕ್ರಯ, ದಾನ, ವಿಭಾಗ, ಹಕ್ಕು ಬಿಡುಗಡೆ, ಉಯಿಲು, ಯಾವುದೇ ಇರಲಿ, ಕೊನೆಯಲ್ಲಿ 'ಬಿಕ್ಕಲಂ' ಎಂದು ಬರೆದು ರುಜು ಹಾಕುತ್ತೇನೆ. ಜನ ರೈಟ್ರು ಅನ್ನುತ್ತಾರೆ. ಈ ಕೆಲಸದಲ್ಲೇ ಕೂದಲು ಬೆಳ್ಳಗಾದ ಮೇಲೆ ನನಗೊಂದು ಅಭಿಪ್ರಾಯ ಗಟ್ಟಿಯಾಗಿದೆ. ನಮ್ಮ ಕಡೆಯ ಆಸ್ತಿ ವ್ಯಾಜ್ಯ ಹೊಲದ ಬದುವಿನ ಮೇಲೆ ಹುಟ್ಟುವುದಕ್ಕಿಂತ ಹೆಚ್ಚಾಗಿ ವಂಶವೃಕ್ಷದ ಹಾಳೆಯ ಮೇಲೆ ಹುಟ್ಟುತ್ತದೆ. ಯಾರದೋ ಒಂದು ಹೆಸರನ್ನು ಬೇಕೆಂದೇ ಬಿಟ್ಟ ದಿನವೇ ಮುಂದಿನ ದಾವೆಗೆ ಮುಹೂರ್ತ ಆಗಿಹೋಗಿರುತ್ತದೆ. ಆದ್ದರಿಂದ ಸಂಬಂಧಗಳು ಗೋಜಲಾಗಿರುವ ಮನೆಯ ಯಜಮಾನರಿಗೆ ನಾನು ಹೇಳುವುದು ಇಷ್ಟು: ಯಾರಿಗೆ ಎಷ್ಟೆಕರೆ ಅನ್ನುವುದು ಆಮೇಲೆ. ಮೊದಲು, ನೀವು ಬದುಕಿರುವಾಗಲೇ, ನಿಮ್ಮ ಬಾಯಿಂದಲೇ ಎಲ್ಲರ ಹೆಸರನ್ನೂ ಬರೆಸಿ.

ಗೋಜಲಿನ ಮನೆ ಅಂದಾಕ್ಷಣ ಟಿವಿ ಧಾರಾವಾಹಿ ನೆನೆಯಬೇಕಿಲ್ಲ. ನಮ್ಮ ಹೋಬಳಿಯ ಯಾವ ಊರಿಗೆ ಹೋದರೂ ಸಿಗುವ ಮನೆಗಳೇ ಇವು. ಊರಲ್ಲೊಂದು ಸಂಸಾರ, ತೋಟದ ಮನೆಯಲ್ಲಿ ಇನ್ನೊಂದು. ಗಂಡ ಸತ್ತ ಮೇಲೆ ಕೂಡಿಕೆಯಾಗಿ ಬಂದ ಹೆಣ್ಣು, ಅವಳ ಸೆರಗು ಹಿಡಿದು ಬಂದ ಮೊದಲ ಗಂಡನ ಮಗು. ಗಂಡುಮಕ್ಕಳಿಲ್ಲವೆಂದು ಮನೆಅಳಿಯನನ್ನು ತಂದುಕೊಂಡವರು. ತಂಗಿಯ ಮಗನನ್ನು ತೊಟ್ಟಿಲಿನಿಂದಲೇ ತಂದು ಸಾಕಿ, ದತ್ತುಪತ್ರ ಮಾಡಿಸದೆ ಹಾಗೇ ಉಳಿದವರು. ಬೆಂಗಳೂರಿನಲ್ಲಿ ಬೇರೆ ಜಾತಿಯವಳನ್ನು ಮದುವೆಯಾದನೆಂದು ಮಗನನ್ನು ಮಾತಿನಲ್ಲಿ ಕೈಬಿಟ್ಟವರು. ಕಾನೂನಿನಲ್ಲಿ ಹಾಗೆಲ್ಲ ಮಗ ಕೈಬಿಟ್ಟುಹೋಗುವುದಿಲ್ಲ. ಗಂಡನ ಮನೆ ಒಗ್ಗದೆ ತವರಿಗೆ ಬಂದು, ಅಪ್ಪನ ತೆಂಗಿನ ತೋಟದಲ್ಲಿ ಕೂಲಿಯಂತೆ ದುಡಿಯುವ ಮಗಳು. ಮಗ ಸತ್ತ ಮೇಲೂ ಅತ್ತೆ ಮಾವನ ಜೊತೆಗೇ ಉಳಿದ ಸೊಸೆ. ಇಂಥ ಮನೆಗಳ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಅವು ಊಟ ಮಾಡಿಕೊಂಡು, ಹಬ್ಬ ಮಾಡಿಕೊಂಡು ಚೆನ್ನಾಗಿಯೇ ಇರುತ್ತವೆ. ತೊಂದರೆ ಶುರುವಾಗುವುದು ಯಜಮಾನ ಕಣ್ಣು ಮುಚ್ಚಿ, ಪೌತಿ ಖಾತೆಗೆ ಅರ್ಜಿ ಹಾಕುವ ಹೊತ್ತಿಗೆ.

ಪೌತಿ ಖಾತೆಗೆ ವಂಶವೃಕ್ಷ ಬೇಕು. ನಾಡಕಚೇರಿಗೆ ಅರ್ಜಿ, ಪ್ರಮಾಣಪತ್ರ, ಗ್ರಾಮ ಆಡಳಿತಾಧಿಕಾರಿಯ ವರದಿ, ಪಂಚರ ಹೇಳಿಕೆ, ಎಲ್ಲವೂ ಕ್ರಮದಂತೆ ನಡೆಯುತ್ತದೆ. ಆದರೆ ಆ ವೃಕ್ಷದ ಕೊಂಬೆಗಳನ್ನು ಹೇಳುವವರು ಯಾರು? ಉಳಿದವರು, ಅಂದರೆ ಪಾಲಿಗೆ ಬರುವವರೇ. ಕೊಂಬೆ ಕಡಿಮೆಯಾದಷ್ಟೂ ತಮ್ಮ ಪಾಲಿನ ಹಣ್ಣು ಹೆಚ್ಚು ಎಂದು ಗೊತ್ತಿದ್ದವರ ಕೈಗೇ ಕುಡುಗೋಲು ಕೊಟ್ಟಂತೆ ಇದು. ಆಗ ನನ್ನ ಮೇಜಿನ ಮುಂದೆ ಕೇಳಿಬರುವ ಮಾತು ಹೆಚ್ಚುಕಡಿಮೆ ಒಂದೇ: "ಅದೊಂದು ಹೆಸರು ಬಿಟ್ಬಿಡಿ ರೈಟ್ರೇ. ಊರಿಗೆಲ್ಲ ಗೊತ್ತಿರೋದೇ, ಕಾಗದದ ಮೇಲೆ ಯಾಕೆ?" ಕಾಗದದ ಮೇಲೆ ಯಾಕೆಂದರೆ ಊರಿಗೆಲ್ಲ ಗೊತ್ತಿದೆ, ಅದಕ್ಕೇ. ಊರಿಗೆ ಗೊತ್ತಿರುವುದು ನಾಳೆ ಕಟಕಟೆಯಲ್ಲಿ ನಿಂತು ಸಾಕ್ಷಿ ಹೇಳುತ್ತದೆ.

ಹೀಗೆ ಬಿಟ್ಟುಹೋಗುವ ಹೆಸರುಗಳಲ್ಲಿ ಮೊದಲಿನವು ಹೆಣ್ಣುಮಕ್ಕಳವು. ನಮ್ಮ ಮತ್ತೋಡು ಒಂದು ಕಾಲಕ್ಕೆ ಗಾಜಿನ ಬಳೆಗೆ ಹೆಸರಾಗಿದ್ದ ಊರು. ಬಳೆ ತೊಡಿಸಿ ಕಳಿಸಿದ ಮಗಳ ಹೆಸರನ್ನು ಪಹಣಿಯ 9ನೇ ಕಾಲಂನಲ್ಲಿ ಕಾಣುವುದು ಮಾತ್ರ ಇವತ್ತಿಗೂ ಕಷ್ಟ. ಹಾಗೆಂದು ಕಾನೂನು ಈಗ ಕಣ್ಣು ಬಿಟ್ಟದ್ದಲ್ಲ. ಹಳೆ ಮೈಸೂರು ಸಂಸ್ಥಾನದಲ್ಲಿ 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯ್ದೆ ಬಂದು, ಪಾಲಿನ ಹೊತ್ತಿನಲ್ಲಿ ವಿಧವೆ, ತಾಯಿ, ಮದುವೆಯಾಗದ ಮಗಳಿಗೂ ಭಾಗ ಇಡಿ ಎಂದಿತ್ತು. ಚಿತ್ರದುರ್ಗ ಆ ಸಂಸ್ಥಾನದ್ದೇ ಜಿಲ್ಲೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಅಪ್ಪನ ಹಿಸ್ಸೆಯಲ್ಲಿ ಮಗಳನ್ನು ಮಗನ ಸಮಕ್ಕೆ ಕೂರಿಸಿತು. 1994ರಲ್ಲಿ ಕರ್ನಾಟಕ, ಅಷ್ಟು ಹೊತ್ತಿಗೆ ಮದುವೆಯಾಗಿರದ ಹೆಣ್ಣುಮಕ್ಕಳನ್ನು ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಪಾಲುದಾರರನ್ನಾಗಿ ಮಾಡಿತು. 2005ರ ಸೆಪ್ಟೆಂಬರ್ 9ರಿಂದ ಮದುವೆಯಾದವರಿಗೂ ಆ ಹಕ್ಕು ಬಂತು. ಆ ದಿನಕ್ಕೆ ಅಪ್ಪ ಬದುಕಿರಲೇಬೇಕೇ ಎಂಬ ಜಗ್ಗಾಟ ಕೋರ್ಟುಗಳಲ್ಲಿ ಹದಿನೈದು ವರ್ಷ ನಡೆದು, 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 'ಬೇಕಿಲ್ಲ' ಎಂದು ಮುಗಿಸಿತು.

ಅದೇ ತೀರ್ಪು ಇನ್ನೊಂದು ಬಾಗಿಲನ್ನೂ ಹಾಕಿದೆ. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿಯಾದ ವಿಭಾಗಪತ್ರದಿಂದಲೋ ಕೋರ್ಟ್ ಡಿಕ್ರಿಯಿಂದಲೋ ಆದ ಪಾಲು ಉಳಿಯುತ್ತದೆ. ಊರ ಹಿರಿಯರ ಮುಂದೆ ಬಿಳಿ ಹಾಳೆಯ ಮೇಲೆ ಬರೆದ ಪಾರೀಖತ್ತು, "ಬಾಯಿಮಾತಲ್ಲಿ ಪಾಲಾಗಿತ್ತು" ಎಂಬ ವಾದ, ಇವು ಸಾಮಾನ್ಯವಾಗಿ ನಿಲ್ಲುವುದಿಲ್ಲ. ಸರ್ಕಾರಿ ದಾಖಲೆಗಳ ಬಲವಾದ ಆಧಾರ ಬೇಕು. ನಮ್ಮ ತಾಲ್ಲೂಕಿನಲ್ಲಿ ಅಂಥ ಬಿಳಿ ಹಾಳೆಗಳನ್ನು ಟ್ರಂಕಿನಲ್ಲಿಟ್ಟು 'ನಮ್ಮದೆಲ್ಲ ಪಾಲಾಗಿದೆ' ಎಂದು ನೆಮ್ಮದಿಯಿಂದ ಇರುವ ಅಣ್ಣತಮ್ಮಂದಿರು ಬಹಳ ಇದ್ದಾರೆ. ಅವರು ಅದನ್ನೊಮ್ಮೆ ವಕೀಲರಿಗೆ ತೋರಿಸುವುದು ಒಳ್ಳೆಯದು.

ಎರಡನೆಯ ಬಿಟ್ಟ ಹೆಸರು ಕಿರಿಮನೆಯ ಮಕ್ಕಳದು. ಇಲ್ಲಿ ನಮಗೆ ದಾರಿ ತೋರಿಸಿದ್ದು ನಮ್ಮ ರಾಜ್ಯದ್ದೇ ಒಂದು ಮೊಕದ್ದಮೆ. ಇಬ್ಬರು ಹೆಂಡಿರಿದ್ದ ಕುಟುಂಬವೊಂದರ ಪಾಲಿನ ದಾವೆ ಕೆಳಗಿನ ಕೋರ್ಟಿನಲ್ಲಿ ಒಂದು ರೀತಿ, ಮೇಲ್ಮನವಿಯಲ್ಲಿ ಇನ್ನೊಂದು ರೀತಿ, ಕರ್ನಾಟಕ ಹೈಕೋರ್ಟಿನಲ್ಲಿ ಮತ್ತೆ ತಿರುಗಿ, ಸುಪ್ರೀಂ ಕೋರ್ಟ್ ಸೇರಿತು. ರೇವಣಸಿದ್ದಪ್ಪ ವಿರುದ್ಧ ಮಲ್ಲಿಕಾರ್ಜುನ ಎಂಬುದು ಅದರ ಹೆಸರು. 2011ರಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ ಅದನ್ನು ದೊಡ್ಡ ಪೀಠಕ್ಕೆ ಕಳಿಸುವಾಗಲೇ, ತಂದೆತಾಯಿಯ ಸಂಬಂಧಕ್ಕೆ ಕಾನೂನಿನ ಮುದ್ರೆ ಇಲ್ಲದಿರಬಹುದು, ಆದರೆ ಮಗುವಿನ ಹುಟ್ಟನ್ನು ಅದರಿಂದ ಬೇರೆಯಾಗಿಯೇ ನೋಡಬೇಕು ಎಂಬರ್ಥದ ಮಾತು ಆಡಿತ್ತು. 2023ರ ಸೆಪ್ಟೆಂಬರ್ 1ರಂದು ಆಗಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರಿದ್ದ ಮೂವರ ಪೀಠ ತೀರ್ಪು ಕೊಟ್ಟಿತು: ಅಸಿಂಧು ಮದುವೆಯ ಮಕ್ಕಳೂ ಹೆತ್ತವರ ಆಸ್ತಿಗೆ ವಾರಸುದಾರರು, ಪಿತ್ರಾರ್ಜಿತದಲ್ಲಿ ಅಪ್ಪನ ಪಾಲಿಗೆ ಬರಬೇಕಾದ ಭಾಗವೂ ಹೆತ್ತವರ ಆಸ್ತಿಯೇ. ಆದರೆ ಅವರು ಕೂಡುಕುಟುಂಬದ ಪಾಲುದಾರರಾಗುವುದಿಲ್ಲ. ಅಜ್ಜನದನ್ನು, ದೊಡ್ಡಪ್ಪನದನ್ನು ಕೇಳುವಂತಿಲ್ಲ.

ಇದನ್ನು ನಮ್ಮ ಲೆಕ್ಕಕ್ಕೆ ತರೋಣ. ಒಬ್ಬರಿಗೆ ಹಿರಿಯರಿಂದ ಬಂದ 9 ಎಕರೆ ಇದೆ ಎನ್ನಿ. ಹಿರಿಹೆಂಡತಿಯಲ್ಲಿ ಒಬ್ಬ ಮಗ, ಒಬ್ಬಳು ಮಗಳು. ಆಕೆ ಬದುಕಿರುವಾಗಲೇ ಎರಡನೆಯಾಕೆ ಬಂದಳು, ಅವಳಿಗೊಬ್ಬ ಮಗ. ಹಿರಿಯಾಕೆ ಹೋದಳು, ಆಮೇಲೆ ಯಜಮಾನರೂ ಉಯಿಲಿಲ್ಲದೆ ಹೋದರು. ಸಾಯುವ ಮುನ್ನ ಪಾಲಾಗಿತ್ತು ಎಂದು ಕಾನೂನು ಭಾವಿಸಿಕೊಳ್ಳುತ್ತದೆ: ಅಪ್ಪನಿಗೆ 3, ಹಿರಿಮನೆಯ ಮಗನಿಗೆ 3, ಮಗಳಿಗೆ 3 ಎಕರೆ. ಆಮೇಲೆ ಅಪ್ಪನ 3 ಎಕರೆ ಮೂವರು ಮಕ್ಕಳಿಗೂ ಒಂದೊಂದು. ಕೊನೆಗೆ ಹಿರಿಮಗನಿಗೆ 4, ಮಗಳಿಗೆ 4, ಕಿರಿಮನೆಯ ಮಗನಿಗೆ 1. ಯಜಮಾನರ ಕೊನೆಯ ವರ್ಷಗಳಲ್ಲಿ ಗಂಜಿ ಕಾಯಿಸಿ ಕೊಟ್ಟು, ಹಾಸಿಗೆ ಬದಲಿಸಿದ ಎರಡನೆಯಾಕೆಗೆ ಎಷ್ಟು? ಸೊನ್ನೆ. ಹಿರಿಯಾಕೆ ಸತ್ತದ್ದರಿಂದ ಹಿಂದಿನ ಅಸಿಂಧು ಮದುವೆ ತಾನಾಗಿ ಸಿಂಧುವಾಗುವುದಿಲ್ಲ. ಹೆಂಡತಿ ಬದುಕಿರುವಾಗಿನ ಎರಡನೆಯ ಮದುವೆಯನ್ನು ಅಸಿಂಧು ಎನ್ನುವ ಹಿಂದೂ ವಿವಾಹ ಕಾಯ್ದೆ 1955ರ ಮೇ 18ರಿಂದ ಜಾರಿಯಲ್ಲಿದೆ. ಅದಕ್ಕೂ ಮುಂಚಿನ ಇಬ್ಬರು ಹೆಂಡಿರ ಕಥೆಯೇ ಬೇರೆ, ಅಲ್ಲಿ ವಿಧವೆಯರೆಲ್ಲ ಸೇರಿ ಒಂದು ಪಾಲಿಗೆ ಬರುತ್ತಾರೆ.

ಈ ಲೆಕ್ಕ ಕೇಳಿ ಹಿರಿಮನೆಯವರು "ಒಂದೆಕರೆಯಾದರೂ ಯಾಕೆ?" ಅನ್ನುತ್ತಾರೆ, ಕಿರಿಮನೆಯವರು "ಒಂದೇ ಎಕರೆನಾ?" ಅನ್ನುತ್ತಾರೆ. ಕಾನೂನಿಗೆ ಇಬ್ಬರ ಮುಖವೂ ಕಾಣುವುದಿಲ್ಲ. ಮುಖ ಕಾಣುತ್ತಿದ್ದದ್ದು ಯಜಮಾನರೊಬ್ಬರಿಗೇ. ಆ 3 ಎಕರೆ ಅವರ ಕೈಯಲ್ಲಿತ್ತು. ಪಾಲಾಗದ ಪಿತ್ರಾರ್ಜಿತದಲ್ಲಿ ತನ್ನ ಹಿಸ್ಸೆಯನ್ನು ಉಯಿಲಿನಲ್ಲಿ ಬರೆದುಕೊಡಲು 1956ರ ಕಾಯ್ದೆಯ 30ನೇ ಕಲಮು ಅವಕಾಶ ಕೊಟ್ಟಿದೆ. ಎರಡನೆಯಾಕೆಗೆ ಬಾಳುವಷ್ಟು ದಿನಕ್ಕೆ ತೋಟದ ಮನೆ, ಅವಳ ಮಗನಿಗೆ ಇಷ್ಟು, ಮಗಳಿಗೆ ಇಷ್ಟು ಎಂದು ಅವರು ಎರಡು ಹಾಳೆ ಬರೆಸಿದ್ದರೆ ಸಾಕಿತ್ತು. ಬರೆಸಲಿಲ್ಲ, ಯಾಕೆಂದರೆ ಬರೆಸಬೇಕಾದರೆ ಮೊದಲು ಅವಳ ಹೆಸರು ಹೇಳಬೇಕಿತ್ತು.

ಮೂರನೆಯವರು, ಕಾನೂನಿನ ಕಣ್ಣಿಗೆ ಬೀಳದೇ ಇರುವವರು. ಮಗಳ ಹೆಸರು ಬಿಟ್ಟರೂ ಕೋರ್ಟು ಹುಡುಕಿ ಸೇರಿಸುತ್ತದೆ. ಸಾಕುಮಗನ ಹೆಸರು ಬಿಟ್ಟರೆ ಸೇರಿಸುವವರು ಯಾರೂ ಇಲ್ಲ. ದತ್ತುಪತ್ರವಿಲ್ಲದೆ, ದತ್ತು ಕೊಟ್ಟು ತೆಗೆದುಕೊಂಡ ಶಾಸ್ತ್ರವೂ ನಡೆಯದೆ ಸಾಕಿದ ಮಗು, ಎಷ್ಟೇ 'ಅಪ್ಪಾ' ಎಂದು ಕರೆದರೂ ಕಾನೂನಿಗೆ ಅಪರಿಚಿತ. ಇವರ ವಿಷಯದಲ್ಲಿ ಆತುರಪಟ್ಟು ದಾನಪತ್ರ ಮಾಡಿಸುವುದೂ ಅಪಾಯ. ಕೆ.ಸಿ. ಲಕ್ಷ್ಮಣ ವಿರುದ್ಧ ಕೆ.ಸಿ. ಚಂದ್ರಪ್ಪಗೌಡ ಎಂಬ ಕರ್ನಾಟಕದ ಪ್ರಕರಣವನ್ನು ನಾನು ಇಂಥವರಿಗೆಲ್ಲ ಹೇಳುತ್ತೇನೆ. ತಂದೆಯೊಬ್ಬರು ತಾವು ಸಾಕಿದವನಿಗೆ ಪ್ರೀತಿ ವಿಶ್ವಾಸದಿಂದ ಕೂಡುಕುಟುಂಬದ ಆಸ್ತಿಯಲ್ಲಿ ಒಂದು ಭಾಗವನ್ನು ಬರೆದುಕೊಟ್ಟರು. ಸ್ವಂತ ಮಗ ದಾವೆ ಹೂಡಿದ. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಕೂಡುಕುಟುಂಬದ ಆಸ್ತಿಯನ್ನು ಧರ್ಮಕಾರ್ಯಕ್ಕೆ ದಾನ ಕೊಡಬಹುದು, ಪ್ರೀತಿಗಾಗಿ ಕೊಡುವುದು ಅದರಲ್ಲಿ ಸೇರದು. ಪತ್ರ ಬಿದ್ದುಹೋಯಿತು. ಮೊದಲು ನೋಂದಾಯಿತ ವಿಭಾಗ ಮಾಡಿಕೊಂಡು, ತನ್ನ ಪಾಲಿಗೆ ಬಂದದ್ದನ್ನು ಕೊಡುವುದು ಒಂದು ದಾರಿ. ಹಿಸ್ಸೆಯನ್ನು ಉಯಿಲಿನಲ್ಲಿ ಬರೆಯುವುದು ಇನ್ನೊಂದು. ಎರಡೂ ಬಿಟ್ಟು ಮೂರನೆಯ ದಾರಿ ಹಿಡಿದರೆ ಪ್ರೀತಿ ಕೋರ್ಟಿನಲ್ಲಿ ಸೋಲುತ್ತದೆ.

ಮಲಮಕ್ಕಳ ಸ್ಥಿತಿಯೂ ಹೀಗೇ ತಿರುಚಿಕೊಂಡಿದೆ. ಮಲತಾಯಿಯ ಸ್ವಂತ ಹೆಸರಿನ ಆಸ್ತಿಗೆ ಆಕೆ ಹೆತ್ತ ಮಕ್ಕಳಷ್ಟೇ 'ಮಕ್ಕಳು'. ಮಲಮಗ ಗಂಡನ ಕಡೆಯ ವಾರಸುದಾರನಾಗಿ ಆಮೇಲೆ ಬರುತ್ತಾನೆ ಎಂದು ಸುಪ್ರೀಂ ಕೋರ್ಟ್ 1987ರಲ್ಲೇ ಹೇಳಿದೆ. ಇನ್ನು ಕೂಡಿಕೆಯಾಗಿ ಬಂದವಳ ಮೊದಲ ಗಂಡನ ಮಗು? ಈಗಿನ ಗಂಡನ ಜಮೀನಿನಲ್ಲಿ ಅದಕ್ಕೆ ಕಾನೂನಿನ ಎಳೆಯೇ ಇಲ್ಲ. ಹದಿನೈದು ವರ್ಷ ಆ ಹೊಲದಲ್ಲೇ ಎತ್ತು ಹೊಡೆದಿದ್ದರೂ ಇಲ್ಲ. ಉಯಿಲೊಂದೇ ಎಳೆ.

ಹೆಂಗಸರು ತಾವೇ ಉಯಿಲು ಬರೆಯಬೇಕು ಅನ್ನುವುದನ್ನು ನಮ್ಮಲ್ಲಿ ಇನ್ನೂ ಜನ ನಗೆಯಾಗಿ ತೆಗೆದುಕೊಳ್ಳುತ್ತಾರೆ. "ನನ್ನತ್ರ ಏನೈತಪ್ಪಾ ಬರೆಯಕ್ಕೆ" ಎಂದು ಅವರೇ ನಗುತ್ತಾರೆ. ಆದರೆ ಆಶ್ರಯ ಮನೆ ಹೆಣ್ಣಿನ ಹೆಸರಲ್ಲಿದೆ, ಸಂಘದ ಉಳಿತಾಯ ಇದೆ, ಅಂಗನವಾಡಿಯಲ್ಲಿ ದುಡಿದದ್ದು ಇದೆ, ತವರಿನಿಂದ ಬಂದ ಅರ್ಧ ಎಕರೆ ಇದೆ. ಬರೆಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಸುಪ್ರೀಂ ಕೋರ್ಟಿನ 2009ರ ಓಂಪ್ರಕಾಶ್ ಪ್ರಕರಣ ನೋಡಿ. ಮದುವೆಯಾದ ಮೂರೇ ತಿಂಗಳಿಗೆ ಹಾವು ಕಚ್ಚಿ ಗಂಡ ಸತ್ತ. ಗಂಡನ ಮನೆಯವರು ಆ ಹುಡುಗಿಯನ್ನು ಹೊರಗೆ ಹಾಕಿದರು. ತವರಿನವರು ಓದಿಸಿದರು, ಕೆಲಸ ಸಿಕ್ಕಿತು, ದುಡಿದು ಉಳಿಸಿದಳು, ಉಯಿಲು ಬರೆಯದೆ 1996ರಲ್ಲಿ ತೀರಿಕೊಂಡಳು. ಆ ಉಳಿತಾಯವೆಲ್ಲ ಹೋದದ್ದು ಹೊರಗೆ ಹಾಕಿದ ಗಂಡನ ಕಡೆಯವರಿಗೇ. ಮಕ್ಕಳಿಲ್ಲದ ಹಿಂದೂ ಹೆಣ್ಣಿನ ಸ್ವಯಾರ್ಜಿತ ಗಂಡ ಇಲ್ಲದಿದ್ದರೆ ಗಂಡನ ವಾರಸುದಾರರಿಗೆ, ಅವರು ಯಾರೂ ಇಲ್ಲದಿದ್ದರೆ ಮಾತ್ರ ಹೆತ್ತವರಿಗೆ. 1956ರ ಕಾಯ್ದೆಯ 15ನೇ ಕಲಮಿನ ಸಾಲು ಇರುವುದೇ ಹಾಗೆ. ಹೆತ್ತವರಿಂದ ವಾರಸಾಗಿ ಬಂದದ್ದಕ್ಕೆ ಮಾತ್ರ ವಿನಾಯಿತಿ ಇದೆ, ಅದು ಅಪ್ಪನ ಕಡೆಗೆ ಹಿಂದಿರುಗುತ್ತದೆ. 2025ರ ನವೆಂಬರ್‌ನಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಹೆಣ್ಣುಮಕ್ಕಳು ತಪ್ಪದೆ ಉಯಿಲು ಬರೆಯಿರಿ ಎಂದು ತಾನಾಗಿಯೇ ಮನವಿ ಮಾಡಿದ್ದು ಇದಕ್ಕೇ.

ಇಷ್ಟೆಲ್ಲ ಹೇಳಿದರೂ ಯಜಮಾನರು ತಲೆ ಅಲ್ಲಾಡಿಸುತ್ತಾರೆ. ಅವರ ಅಳುಕು ಸುಳ್ಳಲ್ಲ. "ಈಗ್ಲೇ ಹೇಳ್ಬಿಟ್ರೆ ನಂಗೆ ಅನ್ನ ಹಾಕೋರು ಯಾರು?" ಪಾಲು ಕಡಿಮೆ ಎಂದು ತಿಳಿದ ಸೊಸೆ ಮುದ್ದೆ ಬಡಿಸುವ ರೀತಿಯೇ ಬದಲಾಗುತ್ತದೆ, ಪಾಲು ಬರೆಸಿಕೊಂಡ ಮಗ ಆ ಕಡೆ ತಿರುಗಿಯೂ ನೋಡುವುದಿಲ್ಲ. ಎರಡನ್ನೂ ಕಣ್ಣಾರೆ ಕಂಡವನು ನಾನು. ಆದ್ದರಿಂದ ನನ್ನದೊಂದು ಕಟ್ಟಳೆ: ಹೆಸರು ಬಹಿರಂಗ, ಹಿಸ್ಸೆ ಗುಟ್ಟು. ಯಾರು ಯಾರು ನನ್ನವರು ಎಂಬುದನ್ನು ಮನೆಯಲ್ಲಿ ಎಲ್ಲರ ಮುಂದೆ ಹೇಳಿ. ಯಾರಿಗೆ ಎಷ್ಟು ಎಂಬುದನ್ನು ಹೇಳಬೇಕಾಗಿಲ್ಲ. ಉಯಿಲನ್ನು ನೋಂದಣಿ ಮಾಡಿಸಿದರೂ ಬರೆದವರು ಬದುಕಿರುವವರೆಗೆ ಅದರ ನಕಲನ್ನು ಬೇರೆಯವರಿಗೆ ಕೊಡುವಂತಿಲ್ಲ. ಅದೂ ಬೇಡವೆಂದರೆ ಲಕೋಟೆಯಲ್ಲಿಟ್ಟು ಮೊಹರು ಮಾಡಿ ಜಿಲ್ಲಾ ನೋಂದಣಾಧಿಕಾರಿಗಳಲ್ಲಿ ಠೇವಣಿ ಇಡುವ ಅವಕಾಶ 1908ರ ನೋಂದಣಿ ಕಾಯ್ದೆಯಲ್ಲೇ ಇದೆ. ಮನಸ್ಸು ಬದಲಾದರೆ ಉಯಿಲನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು.

ದಾನಪತ್ರಕ್ಕೆ ಆ ಸೌಲಭ್ಯ ಇಲ್ಲ. ಬರೆದುಕೊಟ್ಟ ದಿನವೇ ಕೈಬಿಟ್ಟಂತೆ. ಕುಟುಂಬದೊಳಗಿನ ದಾನಕ್ಕೆ ಮುದ್ರಾಂಕ ಶುಲ್ಕದಲ್ಲಿ ರಿಯಾಯಿತಿ ಇದೆಯೆಂದು ಬದುಕಿರುವಾಗಲೇ ಎಲ್ಲವನ್ನೂ ಬರೆದುಕೊಟ್ಟು, ಆಮೇಲೆ ಹಿರಿಯ ನಾಗರಿಕರ 2007ರ ಕಾಯ್ದೆಯಡಿ ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಿಡಿದು ನಿಲ್ಲುವವರು ಇದ್ದಾರೆ. ನೋಡಿಕೊಳ್ಳಬೇಕೆಂಬ ಷರತ್ತು ಇದ್ದರೆ ಮಾತ್ರ ಪತ್ರ ರದ್ದು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2025ರ ಜನವರಿಯಲ್ಲಿ ಇನ್ನೊಂದು ಪ್ರಕರಣದಲ್ಲಿ ಹಿರಿಯರ ಪರವಾಗಿ ಸ್ವಲ್ಪ ಉದಾರವಾಗಿ ಓದಿತು. ಕೋರ್ಟಿನ ಉದಾರತೆಯನ್ನು ನಂಬಿಕೊಂಡು ಕೂರುವುದಕ್ಕಿಂತ ಷರತ್ತನ್ನು ಪತ್ರದಲ್ಲೇ ಬಿಡಿಸಿ ಬರೆಸುವುದು ಮೇಲು. ಕೊಡಲೇಬೇಕೆಂದರೂ, ತಾನು ಮಲಗುವ ಮನೆಯನ್ನು ಮಾತ್ರ ಕೊನೆಯವರೆಗೆ ಕೊಡಬಾರದು.

ಉಯಿಲು ಬರೆಯುವುದು ದೊಡ್ಡ ವಿದ್ಯೆಯಲ್ಲ, ಆದರೆ ಗೋಜಲಿನ ಮನೆಯ ಉಯಿಲಿಗೆ ಶತ್ರುಗಳು ಹೆಚ್ಚು. ಇಬ್ಬರು ಸಾಕ್ಷಿಗಳು ಬೇಕು. ಮುಂದೆ ಅವರಲ್ಲಿ ಒಬ್ಬರಾದರೂ ಕೋರ್ಟಿಗೆ ಬಂದು ಹೇಳಬೇಕು. ನಿಮಗಿಂತ ವಯಸ್ಸಿನಲ್ಲಿ ಚಿಕ್ಕವರನ್ನು, ಉಯಿಲಿನಿಂದ ಏನೂ ಸಿಗದವರನ್ನು ಆರಿಸಿ. ಲಾಭ ಪಡೆಯುವ ಮಗನೇ ಕಾರಿನಲ್ಲಿ ಕರೆತಂದು, ಅವನೇ ಮಾತು ಹೇಳಿಕೊಟ್ಟು, ಅವನ ಸ್ನೇಹಿತರೇ ಸಾಕ್ಷಿ ಹಾಕಿದ ಉಯಿಲಿನ ಆಯುಸ್ಸು ಕಡಿಮೆ. ಇದರ ಬಗ್ಗೆ ದೇಶವೆಲ್ಲ ಇವತ್ತಿಗೂ ಎತ್ತಿ ಹೇಳುವ ತೀರ್ಪು ನಮ್ಮ ಮೈಸೂರು ರಾಜ್ಯದಿಂದಲೇ ಹೋದದ್ದು: 1958ರಲ್ಲಿ ನ್ಯಾಯಮೂರ್ತಿ ಗಜೇಂದ್ರಗಡ್ಕರ್ ಬರೆದ ವೆಂಕಟಾಚಲ ಅಯ್ಯಂಗಾರ್ ವಿರುದ್ಧ ತಿಮ್ಮಾಜಮ್ಮ ಪ್ರಕರಣ. ಉಯಿಲನ್ನು ಮುಂದಿಟ್ಟವರೇ ಅದರ ತಯಾರಿಯಲ್ಲೂ ಮುಂದೆ ನಿಂತಿದ್ದರು, ಅವರ ಮಕ್ಕಳಿಗೇ ಅದರಿಂದ ದೊಡ್ಡ ಲಾಭವಿತ್ತು. ಅನುಮಾನ ಕಳೆಯುವ ಹೊಣೆ ಉಯಿಲು ತಂದವರದೇ ಎಂದ ಕೋರ್ಟ್, ಅದನ್ನು ಒಪ್ಪಲಿಲ್ಲ.

ಸಮ ಪಾಲು ಇಲ್ಲದಿದ್ದರೆ ಯಾಕೆ ಇಲ್ಲ ಎಂಬುದನ್ನು ಒಂದೆರಡು ಸಾಲಿನಲ್ಲಿ ಬರೆಸಿ. 'ಹಿರಿಮಗನಿಗೆ ಹೊಸದುರ್ಗದ ಸೈ‌ಟು ಕೊಡಿಸಿದ್ದೇನೆ, ಆದ್ದರಿಂದ ತೋಟ ಕಿರಿಯವನಿಗೆ' ಎಂಬ ಒಂದು ಸಾಲು ಇದ್ದರೆ ಸೋತವನಿಗೂ ಒಂದು ಉತ್ತರ ಸಿಗುತ್ತದೆ. ಯಾರಿಗಾದರೂ ಏನೂ ಕೊಡುತ್ತಿಲ್ಲವೆಂದರೆ ಅವರ ಹೆಸರನ್ನೂ ಬರೆದು, ಕೊಡುತ್ತಿಲ್ಲವೆಂದೇ ಬರೆಸಿ. ಹೆಸರೇ ಇಲ್ಲದಿದ್ದರೆ 'ಅಪ್ಪನಿಗೆ ನೆನಪೇ ಇರಲಿಲ್ಲ, ಬುದ್ಧಿ ಸ್ಥಿಮಿತದಲ್ಲಿರಲಿಲ್ಲ' ಎಂಬ ವಾದಕ್ಕೆ ನೀವೇ ಜಾಗ ಮಾಡಿಕೊಟ್ಟಂತಾಗುತ್ತದೆ.

ನೀರು, ದಾರಿ ಮರೆಯಬೇಡಿ. ನಮ್ಮದು ತೆಂಗು, ಅಡಿಕೆಯ ಸೀಮೆ. ಮಳೆ ಕಡಿಮೆ, ಕೊಳವೆಬಾವಿಯೇ ಜೀವ. ಕೊಳವೆಬಾವಿ ಹಿರಿಮನೆಯ ಹಿಸ್ಸೆಯಲ್ಲಿ, ಫಸಲು ಬರುವ ಮರಗಳು ಕಿರಿಮನೆಯ ಹಿಸ್ಸೆಯಲ್ಲಿ ಎಂದು ಬರೆದು ಸುಮ್ಮನಾದರೆ ಎರಡು ಬೇಸಿಗೆಯಲ್ಲಿ ಮರಗಳ ಸುಳಿ ಒಣಗುತ್ತದೆ. ಯಾರಿಗೆ ಯಾವ ದಿನ ನೀರು, ಮೋಟರು ಸುಟ್ಟರೆ ಖರ್ಚು ಹೇಗೆ, ಬೆಸ್ಕಾಂನ ಆರ್‌ಆರ್ ನಂಬರು ಯಾರ ಹೆಸರಲ್ಲಿ, ಬಾವಿ ಬತ್ತಿದರೆ ಹೊಸದನ್ನು ಎಲ್ಲಿ ಕೊರೆಸುವುದು, ಗಾಡಿ ಹೋಗುವ ದಾರಿ ಎಷ್ಟು ಅಗಲ, ಎಲ್ಲವನ್ನೂ ಚೆಕ್ಕುಬಂದಿಯ ಜೊತೆಗೇ ಬರೆಸಬೇಕು. ಪಾಲು ಮಾಡುವ ಸರ್ವೆ ನಂಬರಿಗೆ 11ಇ ನಕ್ಷೆ ಮಾಡಿಸಬೇಕು. ಅಣ್ಣತಮ್ಮಂದಿರ ದ್ವೇಷ ಹಳೆಯದಾದರೂ ಅದು ಹೊಡೆದಾಟಕ್ಕೆ ಹೋಗುವುದು ಇಂಥ ಗೇಟ್‌ವಾಲ್ವಿನ ಹತ್ತಿರವೇ.

ಎಲ್ಲ ಜಮೀನಿಗೂ ಒಂದೇ ನಿಯಮ ಇಲ್ಲ. ಸರ್ಕಾರದಿಂದ ಮಂಜೂರಾದ ಪರಿಶಿಷ್ಟರ ಜಮೀನನ್ನು 1978ರ ಕಾಯ್ದೆ ಪ್ರಕಾರ ಅನುಮತಿಯಿಲ್ಲದೆ ಮಾರಲೂ ಆಗದು, ದಾನ ಕೊಡಲೂ ಆಗದು. ಆದರೆ ಕುಟುಂಬದೊಳಗಿನ ವಿಭಾಗವನ್ನೂ ಉಯಿಲನ್ನೂ ಆ ಕಾಯ್ದೆ ಪರಭಾರೆ ಎಂದು ಎಣಿಸುವುದಿಲ್ಲ. ಮುಸ್ಲಿಂ ಕುಟುಂಬಗಳಲ್ಲಿ ಉಳಿದ ವಾರಸುದಾರರ ಒಪ್ಪಿಗೆ ಇಲ್ಲದೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ಉಯಿಲಿನಲ್ಲಿ ಕೊಡಲಾಗದು. ಬ್ಯಾಂಕಿನ ನಾಮಿನಿ ವಿಷಯದಲ್ಲೂ ಜನಕ್ಕೆ ಭ್ರಮೆ ಇದೆ. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ವರನ್ನು ನಾಮಿನಿ ಮಾಡಬಹುದು, ಎರಡು ಮನೆ ಇರುವವರಿಗೆ ಇದು ಅನುಕೂಲವೇ. ಆದರೆ ನಾಮಿನಿ ಹಣವನ್ನು ಪಡೆಯುವವನು, ಹಣದ ಒಡೆಯನಲ್ಲ. ಒಡೆತನ ತೀರ್ಮಾನವಾಗುವುದು ಉಯಿಲಿನಿಂದ ಅಥವಾ ವಾರಸು ಕಾನೂನಿನಿಂದ.

ಈಗ ಹೆಣ್ಣುಮಕ್ಕಳ ಹಕ್ಕು ಬಿಡುಗಡೆ ಪತ್ರದ ಬಗ್ಗೆ ನೇರವಾಗಿ ಹೇಳುತ್ತೇನೆ, ನನ್ನ ಕಸುಬಿಗೆ ನಷ್ಟವಾದರೂ ಸರಿ. ಅಣ್ಣ ಮಿನಿಬಸ್ಸು ಮಾಡಿಕೊಂಡು ತಂಗಿಯರನ್ನೆಲ್ಲ ಕರೆದುಕೊಂಡು ಬರುತ್ತಾನೆ. ಹೋಟೆಲಿನಲ್ಲಿ ಊಟ, ಒಂದೊಂದು ಸೀರೆ, ಅರಿಶಿನ ಕುಂಕುಮಕ್ಕೆಂದು ಸ್ವಲ್ಪ ದುಡ್ಡು. "ತವರು ಬೇಕು ಅಂದ್ರೆ ಹೆಬ್ಬೆಟ್ಟು ಒತ್ತವ್ವ" ಎಂದು ಯಾರೋ ಹಿರಿಯರು ಹೇಳುತ್ತಾರೆ. ಪತ್ರದಲ್ಲಿ 'ಸ್ವಇಚ್ಛೆಯಿಂದ, ಯಾರ ಒತ್ತಾಯಕ್ಕೂ ಒಳಪಡದೆ' ಎಂದು ಬರೆಯುವವನು ನಾನೇ. ಮನಸಾರೆ ಬಿಟ್ಟುಕೊಡುವ ತಂಗಿಯರೂ ಇದ್ದಾರೆ, ಅವರ ದೊಡ್ಡತನ ನನಗೆ ಗೊತ್ತು. ಹಾಗಾದರೆ ಅವರನ್ನು ಒಬ್ಬೊಬ್ಬರಾಗಿ ಕೂರಿಸಿ, ಅಣ್ಣನನ್ನು ಹೊರಗೆ ಕಳಿಸಿ, 'ನಿನ್ನ ಪಾಲು ಇಷ್ಟು, ಇವತ್ತಿನ ಬೆಲೆ ಇಷ್ಟು, ಬಿಡ್ತೀಯಾ ತಾಯಿ?' ಎಂದು ಕೇಳುವುದರಲ್ಲಿ ಏನು ತಪ್ಪು? ನಾನು ಕೇಳುತ್ತೇನೆ. ಕೆಲವರು ಇನ್ನೊಬ್ಬ ರೈಟರ ಬಳಿಗೆ ಹೋಗುತ್ತಾರೆ. ಉಪನೋಂದಣಾಧಿಕಾರಿಗಳ ಮುಂದೆಯೇ ಈ ಪ್ರಶ್ನೆ ಕಡ್ಡಾಯವಾದರೆ ಯಾವ ರೈಟರ ಬಳಿಗೆ ಹೋದರೂ ಒಂದೇ ಆಗುತ್ತದೆ.

ಸತ್ತವರ ಹೆಸರಿನಲ್ಲೇ ಉಳಿದ ಲಕ್ಷಗಟ್ಟಲೆ ಖಾತೆಗಳನ್ನು ವಾರಸುದಾರರ ಹೆಸರಿಗೆ ಮಾಡಲು ಕಂದಾಯ ಇಲಾಖೆ ಪೌತಿ ಖಾತೆ ಅಭಿಯಾನ ನಡೆಸುತ್ತಿದೆ. ಒಳ್ಳೆಯ ಕೆಲಸ, ಬೇಗ ಆಗಲಿ. ಆದರೆ ಖಾತೆ ಬದಲಾಗುವುದು ಕಂದಾಯದ ಲೆಕ್ಕಕ್ಕೆ. ಅದು ಒಡೆತನದ ತೀರ್ಪಲ್ಲ ಎಂದು ಕೋರ್ಟುಗಳು ಮತ್ತೆ ಮತ್ತೆ ಹೇಳಿವೆ. ಕೊಂಬೆ ಕಡಿದ ವಂಶವೃಕ್ಷ ಇಟ್ಟುಕೊಂಡು ವೇಗವಾಗಿ ಖಾತೆ ಮಾಡಿದರೆ ವ್ಯಾಜ್ಯವೂ ವೇಗವಾಗಿ ಬರುತ್ತದೆ. ನನ್ನ ಸಲಹೆ ಇದು: ಅರವತ್ತು ದಾಟಿದ ಪ್ರತಿ ಖಾತೆದಾರರೂ ಬದುಕಿರುವಾಗಲೇ ತಮ್ಮ ವಂಶವೃಕ್ಷವನ್ನು ತಾವೇ ಹೇಳಿ, ರುಜು ಹಾಕಿ, ನಾಡಕಚೇರಿಯಲ್ಲಿ ದಾಖಲು ಮಾಡುವ ವ್ಯವಸ್ಥೆ ಬರಲಿ. ಅವರು ಸತ್ತ ಮೇಲೆ ಮಕ್ಕಳು ಕೊಡುವ ವೃಕ್ಷವನ್ನು ಅದರ ಪಕ್ಕದಲ್ಲಿಟ್ಟು ನೋಡಲಿ. ಹೋಬಳಿಗೊಂದು ದಿನ ತಾಲ್ಲೂಕು ಕಾನೂನು ಸೇವಾ ಸಮಿತಿಯ ವಕೀಲರು ಬಂದು ಉಯಿಲಿನ ಬಗ್ಗೆ ಪುಕ್ಕಟೆ ಸಲಹೆ ಕೊಡಲಿ. ಆಗಲೇ ಹೊತ್ತಿಕೊಂಡಿರುವ ಜಗಳಗಳನ್ನು ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಸಿದರೆ ಆ ರಾಜಿಗೆ ಡಿಕ್ರಿಯ ಬಲವೇ ಇರುತ್ತದೆ.

ಸರ್ಕಾರ ಇದನ್ನು ಮಾಡುವವರೆಗೆ ಕಾಯಬೇಕಾಗಿಲ್ಲ. ಮನೆಯ ಯಜಮಾನರೋ ಯಜಮಾನಿಯೋ ಒಂದು ಹಾಳೆ ತೆಗೆದುಕೊಂಡು ಮೊದಲು ಕಾನೂನು ಬಿಡದೆ ಹಿಡಿದುಕೊಳ್ಳುವವರ ಹೆಸರು ಬರೆಯಿರಿ: ಕಟ್ಟಿಕೊಂಡ ಹೆಂಡತಿ, ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಕಿರಿಮನೆಯ ಮಕ್ಕಳು, ಸತ್ತ ಮಗನ ಹೆಂಡತಿ ಮಕ್ಕಳು. ಅದರ ಕೆಳಗೆ ಕಾನೂನಿಗೆ ಕಾಣದವರದು: ಕಿರಿಯಾಕೆ, ಸಾಕುಮಗ, ಮಲಮಗಳು, ಮನೆಅಳಿಯ. ಮೇಲಿನ ಪಟ್ಟಿಯವರಿಗೆ ನೀವು ಬರೆಯದಿದ್ದರೂ ಏನೋ ಒಂದಿಷ್ಟು ಸಿಗುತ್ತದೆ, ಕೋರ್ಟಿನ ಖರ್ಚು ಕಳೆದು. ಕೆಳಗಿನ ಪಟ್ಟಿಯವರಿಗೆ ನೀವು ಬರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಆ ಎರಡನೆಯ ಪಟ್ಟಿಯನ್ನು ಎದುರಿಗಿಟ್ಟುಕೊಂಡೇ ವಕೀಲರ ಬಳಿಗೋ ನನ್ನಂಥವರ ಬಳಿಗೋ ಬನ್ನಿ. ಉಯಿಲು ಅಲ್ಲಿಂದ ಶುರುವಾಗಬೇಕು.